ಚೀನಾದ ರಾಣಿ ಯಾಕೆ ಅತ್ತಳು?

ಹೆದರುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಫೋನು ಬಂದರೆ ಯಾರಿಗೇನಾಯಿತೋ ಎಂದು ಹೆದರುತ್ತೇನೆ. ಬಾರದಿದ್ದರೆ ನನ್ನಿಂದ ಏನು ಮುಚ್ಚಿಡುತ್ತಿದ್ದಾರೋ ಎಂದು ಹೆದರುತ್ತೇನೆ. ಕೃಷ್ಣರಾಜಪೇಟೆಯ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಮಕ್ಕಳು ಹುಲಿಯನ್ನು ಚೆನ್ನಾಗಿ ಬರೆದರೆ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆಂದು ಹೆಂಡತಿ ಸುಧಾ ಹೇಳುವುದು ಸುಳ್ಳು. ಅರ್ಧ ಸುಳ್ಳು.

ಆದರೆ ಹೊಣಕೆರೆಯ ಸೋದರತ್ತೆಯ ವಿಷಯದಲ್ಲಿ ಹೆದರಲು ಕಾರಣವಿತ್ತು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಎಡಗಣ್ಣು ಎಂದೋ ಹೋಗಿತ್ತು. ಉಳಿದಿದ್ದ ಬಲಗಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. "ಬೆಳಿಗ್ಗೆ ಪಟ್ಟಿ ಬಿಚ್ಚಿ ನೋಡೋಣ" ಎಂದರು ಡಾಕ್ಟರು. ಆ 'ನೋಡೋಣ' ನನ್ನ ತಲೆಯೊಳಗೆ ಹೋಗಿ ಕುಳಿತುಬಿಟ್ಟಿತು.

ಸಂಜೆ ವಾರ್ಡಿನಲ್ಲಿ ಅದನ್ನು ಮರೆಯಲೆಂದು ಫೋನಿನಲ್ಲಿ ಚೀನಾದ ರಾಜರ ಕಾಲದ ಸಿನಿಮಾವೊಂದನ್ನು ಹಾಕಿಕೊಂಡೆ. ಆ ಅರಮನೆ, ಆ ರೇಷ್ಮೆ, ಸಾಲು ಸಾಲು ದೀಪ, ದಿಗಂತದವರೆಗೂ ಕುದುರೆ! ಕಥೆಯ ಗೋಜಿಗೆ ನಾನು ಹೋಗುವವನಲ್ಲ. ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದುತ್ತ ಕೂತರೆ ಮೇಲಿನ ಬಣ್ಣ ತಪ್ಪಿಹೋಗುತ್ತದೆ.

"ಯಾರ್ಲಾ ಅದು ಅಳ್ತಿರೋದು?" ಎಂದಳು ಅತ್ತೆ, ಪಟ್ಟಿ ಕಟ್ಟಿದ ಮುಖವನ್ನು ನನ್ನತ್ತ ತಿರುಗಿಸಿ.

"ರಾಣಿ ಕಣತ್ತೆ. ಕುಂಕುಮದ ಬಣ್ಣದ ರೇಷ್ಮೆ ಉಟ್ಟವ್ಳೆ. ಅದರ ಅಂಚು ಮೆಟ್ಟಿಲುದ್ದಕ್ಕೂ..."

"ಬಟ್ಟೆ ಕೇಳಿದ್ನಾ ನಾನು? ಯಾಕ್ ಅಳ್ತಾವ್ಳೆ?"

ನನಗೇನು ಗೊತ್ತು? ಧೈರ್ಯ ಮಾಡಿ, "ಸೇನಾಪತಿ ಬಾಣ ಬಿದ್ದು ಸತ್ತೋದ" ಎಂದೆ. ಎರಡು ನಿಮಿಷಕ್ಕೆ ಫೋನಿನಲ್ಲಿ ಅದೇ ಸೇನಾಪತಿಯ ಗೊಗ್ಗರು ದನಿ ಮತ್ತೆ ಗುಡುಗಿತು.

"ಸತ್ತೋನು ಮಾತಾಡ್ತಾವ್ನಲ್ಲೋ!"

ಎಲ್ಲರದೂ ಒಂದೇ ಗಡ್ಡ, ಒಂದೇ ಕವಚ, ನಾನೇನು ಮಾಡಲಿ? ಪಕ್ಕದ ಮಂಚದ ಅಜ್ಜಿ ಕಿಸಕ್ಕೆಂದಳು. ಅತ್ತೆ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಬಾಯ್ಗೆ ಬಟ್ಟೆ ತುರುಕ್ಕಂಡು ಅಳ್ತಾವ್ಳೆ ಕಣ್ಲಾ. ಒಳಗೆ ಮಗ ಮಲಗಿರ್ಬೇಕು. ಎದ್ದು ಎದ್ರಿಕಂಡಾನು ಅಂತ" ಎಂದಳು.

ಸಿನಿಮಾವನ್ನು ಹಿಂದಕ್ಕೆ ಸರಿಸಿ, ಮೊದಲ ಸಲ ಅಕ್ಷರ ಓದಿದೆ. ನಿಜ. ಪರದೆಯ ಹಿಂದೆ ಪುಟ್ಟ ಮಗು ಮಲಗಿತ್ತು. ನಾನು ಪರದೆಯ ಮೇಲಿನ ಕಸೂತಿ ನೋಡುತ್ತಿದ್ದೆ.

"ನಿಂಗೆಂಗೆ ಗೊತ್ತಾಯ್ತು?"

"ನಿಮ್ಮವ್ವ ತೀರ್ಕಂಡಾಗ ನಾನೂ ಅಂಗೇ ಅತ್ತಿದ್ನಲ್ಲ."

ಫೋನು ಆರಿಸಿದೆ. ಆಮೇಲೆ ಅವಳು ಮೆಲ್ಲಗೆ, "ನಾಳೆ ಕಾಣ್ದಿದ್ರೆ ಏನ್ಲಾ ಮಾಡಾದು?" ಎಂದಳು.

"ಕಾಣ್ತದೆ ಬುಡತ್ತೆ."

"ನಿನ್ ದನಿ ಕೇಳಿದ್ರೆ ನಂಗೆ ಇನ್ನೂ ಎದ್ರಿಕೆ ಆಯ್ತದೆ. ಸುಮ್ನೆ ಕೈ ಇಡ್ಕಂಡು ಕೂತ್ಕೊ."

ಕೂತೆ. ಕೈ ಹಿಡಿದವರು ಯಾರು, ಹಿಡಿಸಿಕೊಂಡವರು ಯಾರು ಎಂದು ಇಬ್ಬರೂ ವಿಚಾರಿಸಲಿಲ್ಲ.

ಬೆಳಿಗ್ಗೆ ಸುಧಾಳೂ ಬಂದಿದ್ದಳು. ನರ್ಸಮ್ಮ ಪಟ್ಟಿಗೆ ಕೈಹಾಕಿದಾಗ ನನಗೆ ನೋಡಲಾಗಲಿಲ್ಲ. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಹಾಗೇ ನಿಂತೆ. ಎಷ್ಟು ಹೊತ್ತೋ! ಕೊನೆಗೆ ಅತ್ತೆಯ ದನಿ ಕೇಳಿಸಿತು: "ಸುಧಾ, ಎಷ್ಟೊಂದು ಬಿಳಿ ಕೂದ್ಲಾಗವೆ ನಿಂಗೆ! ಇವ್ನ್ಯಾಕೆ ಕಣ್ಮುಚ್ಕಂಡು ನಿಂತವ್ನೆ? ಇವ್ನಿಗೂ ಆಪರೇಷನ್ನಾ?"

ವಾರ್ಡೆಲ್ಲ ನಕ್ಕಿತು. ಬೆಳಕು ಕಂಡ ಆ ಗಳಿಗೆಯಲ್ಲಿ ಅತ್ತೆಯ ಮುಖ ಚಿತ್ರ ಬರೆಯುವ ಹಾಗಿತ್ತಂತೆ. ಡ್ರಾಯಿಂಗ್ ಮೇಷ್ಟ್ರು ಅಲ್ಲೇ ಇದ್ದರು, ನೋಡಲಿಲ್ಲ. ಈಗ ಹಾಳೆ ಮುಂದಿಟ್ಟುಕೊಂಡು ಕಂಡವರನ್ನೆಲ್ಲ ಕೇಳುತ್ತಿದ್ದೇನೆ. ಎಲ್ಲರೂ ನಡೆದ ಕಥೆಯನ್ನು ಚೆನ್ನಾಗಿಯೇ ಹೇಳುತ್ತಾರೆ. ಮುಖ ಹೇಗಿತ್ತೆಂದು ಮಾತ್ರ ಒಬ್ಬರಿಗೂ ಸರಿಯಾಗಿ ಹೇಳಲು ಬರುವುದಿಲ್ಲ.