ಕಮಾಂಡರ್ ಫಕ್ಕೀರಪ್ಪನವರ ಬೀಗರು

ಶಿಗ್ಗಾವಿಯ ಪಾತ್ರೆ ಅಂಗಡಿಯ ಫಕ್ಕೀರಪ್ಪನವರ ಮಾತು ಕೇಳುವವರು ಈ ಸಮಸ್ತ ಭೂಮಂಡಲದಲ್ಲಿ ಮೂರೇ ಜನ ಇದ್ದರು. ಆ ಮೂವರನ್ನೂ ಅವರು ಕಣ್ಣಿಂದ ಕಂಡವರಲ್ಲ.

ಮನೆಯಲ್ಲಿ ಇನ್ನರ್ಧ ಕಪ್ಪು ಚಹಾ ಬೇಕೆಂದರೆ ಹೆಂಡತಿ ಸರೋಜವ್ವನ ಮುಖದ ಹವಾಮಾನ ನೋಡಿಕೊಂಡೇ ಬಾಯಿ ತೆರೆಯಬೇಕು. ಅಂಗಡಿಗೆ ಬಂದ ಗಿರಾಕಿಗಳು ಕೊಡವನ್ನು ಬೆರಳಿನಿಂದ ಬಡಿದು, ಇವರು ಹೇಳಿದ ದರ ಕೇಳಿ, ನಕ್ಕು, ಎದುರಿನ ಅಂಗಡಿಗೆ ಹೋಗುತ್ತಾರೆ. ಆದರೆ ಮಧ್ಯಾಹ್ನ ಬಜಾರು ತೂಕಡಿಸುವ ಹೊತ್ತಿಗೆ ಕೊಡಗಳ ಸಾಲಿನ ಹಿಂದೆ ಕುಳಿತು ಕಿವಿಗೆ ಹೆಡ್‌ಸೆಟ್ ಏರಿಸಿದರೋ, ಆಮೇಲೆ ಅವರು ಕಮಾಂಡರ್. ಮೊಬೈಲಿನಲ್ಲಿ ನಾಲ್ವರು ಕೂಡಿ ಆಡುವ ಬಂದೂಕಿನ ಆಟ ಅದು. ಅವರ ಪಡೆಯ ಹೆಸರು ‘ನಾಲ್ಕೂರ ಹುಲಿಗಳು’. ಒಬ್ಬೊಬ್ಬರದು ಒಂದೊಂದು ಊರು, ಊರೇ ಅವರ ಹೆಸರು. ಸವಣೂರು ಎಂಬಾತ ಎಲೆ ವ್ಯಾಪಾರಿ. ಯುದ್ಧದ ನಡುವೆಯೇ ವೀಳ್ಯದೆಲೆಯ ಕಟ್ಟಿಗೆ ಚೌಕಾಸಿ ಮಾಡುವುದು ಎಲ್ಲರಿಗೂ ಕೇಳಿಸುತ್ತಿತ್ತು. ಹಿರೇಕೆರೂರು ಎಂದರೆ ಗುಲ್ನಾರ ಎಂಬ ಟೇಲರಮ್ಮ. ಅವಳು ಬಂದೂಕು ಹಾರಿಸುತ್ತಿದ್ದಾಳೋ ಹೊಲಿಗೆ ಮಶೀನು ತುಳಿಯುತ್ತಿದ್ದಾಳೋ ಶಬ್ದದಿಂದ ತಿಳಿಯುತ್ತಿರಲಿಲ್ಲ.

ಇನ್ನು ಹಾನಗಲ್. ಕಮಾಂಡರರ ಪಾಲಿನ ಶನಿ ಎಂದರೆ ಈತನೇ.

ಹಾನಗಲ್ಲಿಗೆ ಆಟ ಬಾರದು, ಆದರೆ ಆಟದ ಸಾಮಾನಿನಲ್ಲಿ ಮಾತ್ರ ಅವನು ಸರ್ವಜ್ಞ. ಫೋನಿನ ಬೆನ್ನಿಗೆ ಅಂಟಿಸುವ ಪುಟ್ಟ ಫ್ಯಾನು, ಬೆವರಿದರೂ ಜಾರದಂತೆ ಬೆರಳಿಗೆ ತೊಡಿಸುವ ಟೊಪ್ಪಿಗೆ, ಹೀಗೆ ದಿನಕ್ಕೊಂದರ ಫೋಟೋ ಗ್ರೂಪಿಗೆ ಹಾಕಿ “ಇದರ ಖದರ ಬ್ಯಾರೆ” ಎಂದು ಬರೆಯುತ್ತಿದ್ದ. ಫಕ್ಕೀರಪ್ಪನವರ ಹೆಡ್‌ಸೆಟ್ ಕೂಡ ಅವನದೇ ಶಿಫಾರಸು. (ಅದು ಪ್ರವಚನ ಕೇಳಲಿಕ್ಕೆ ಎಂದು ಸರೋಜವ್ವನಿಗೆ ಹೇಳಿದ್ದರು. “ಹೊಡೀರಿ, ಒಬ್ಬನ್ನೂ ಬಿಡಬ್ಯಾಡ್ರಿ” ಎಂದು ಕೂಗಿಸುವ ಪ್ರವಚನ ಯಾವ ಸ್ವಾಮಿಗಳದು ಎಂದು ಆಕೆ ಒಮ್ಮೆ ಕೇಳಿಯೂ ಇದ್ದಳು.) ಇಷ್ಟೆಲ್ಲ ಆಯುಧ ಧರಿಸಿಯೂ ಹಾನಗಲ್ ಬಟಾ ಬಯಲಿನಲ್ಲಿ ಬಸ್ಸಿಗೆ ಕಾಯುವವನಂತೆ ನಿಂತುಬಿಡುತ್ತಿದ್ದ. ಗುಂಡು ಬರುತ್ತಿದ್ದರೆ ನೆಲಕ್ಕೆ ಅಂಟಿ ಮಲಗಬೇಕು ಎಂಬುದು ಅವನ ತಲೆಗೆ ಹೋಗುತ್ತಲೇ ಇರಲಿಲ್ಲ.

“ಏ ಹಾನಗಲ್, ಬೋರಲ ಬೀಳೋ” ಎಂದು ಫಕ್ಕೀರಪ್ಪನವರು ಗಂಟಲು ಹರಿಯುವಂತೆ ಒದರುವರು. ಅವನು “ಆಂ? ಏನಂದ್ರಿ?” ಎಂದು ಕೇಳುವಷ್ಟರಲ್ಲಿ ಸತ್ತಿರುತ್ತಿದ್ದ.

ಶನಿವಾರ ಅವನು ಹಾಗೆಯೇ ಸತ್ತ ಮೇಲೆ, “ನಾಳೆ ನಾ ಬರಾಂಗಿಲ್ರಿ ಕಮಾಂಡರ್, ಹೆಣ್ಣು ನೋಡಾಕ ಹೊಂಟೇವಿ” ಎಂದ. ಹೊಸ ಹೊಸ ಸಾಮಾನಿನ ಹುಚ್ಚು ನೋಡಿ ಅವನು ಮೀಸೆ ಚಿಗುರಿದ ಹುಡುಗನೇ ಇರಬೇಕೆಂದು ಫಕ್ಕೀರಪ್ಪನವರು ಮೊದಲಿನಿಂದ ತಿಳಿದಿದ್ದರು. ಸೋತ ಸಿಟ್ಟು ಬೇರೆ ತಲೆಗೇರಿತ್ತು.

“ನಿಮ್ಮ ಮನಿಗೆ ಹೆಣ್ಣು ಕೊಡಾವ ಯಾವನೋ ಮಾರಾಯ” ಎಂದರು. “ಅವನ ತಲ್ಯಾಗ ಮೆದುಳು ಅನ್ನೂದು ಇರಾಂಗಿಲ್ಲ, ಬರದ ಇಟ್ಕೊ.”

ಸವಣೂರು ನಕ್ಕ. ಹೊಲಿಗೆ ಮಶೀನೂ ಒಂದು ಕ್ಷಣ ನಿಂತಿತು. ಕಮಾಂಡರ್ ತೃಪ್ತಿಯಿಂದ ಹೆಡ್‌ಸೆಟ್ ತೆಗೆದಿಟ್ಟರು.

ಆ ಭಾನುವಾರ ಅವರ ಮನೆಗೂ ಗಂಡಿನ ಕಡೆಯವರು ಬರುವವರಿದ್ದರು. ಮಗಳು ಅಂಕಿತಾ ಹಾನಗಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯ ಬಸ್ ನಿಲ್ದಾಣದಲ್ಲಿ ದಿನಾ ಎದುರಾಗುವ ಕೃಷಿ ಇಲಾಖೆಯ ಪ್ರಭುವಿಗೂ ಇವಳಿಗೂ ಮನಸ್ಸು ಕೂಡಿತ್ತು. ತಾಯಂದಿರಿಬ್ಬರೂ ಫೋನಿನಲ್ಲಿ ಮಾತಾಡಿ, ಮನೆತನ ಹೊಂದಿಸಿ, ನೋಡುವ ಶಾಸ್ತ್ರವೊಂದನ್ನು ಉಳಿಸಿದ್ದರು. ಬೆಳಿಗ್ಗೆ ಅಂಕಿತಾ ಅಪ್ಪನ ಅಂಗಿಯ ಗುಂಡಿ ಹಾಕುತ್ತ, “ಅಪ್ಪಾ, ನಾ ನಿನಗ ಈವರೆಗೂ ಏನೂ ಕೇಳಿಲ್ಲ. ಇದೊಂದು ಚಂದಗೆ ಆಗ್ಲಿ” ಎಂದಳು. ಫಕ್ಕೀರಪ್ಪನವರ ಕಣ್ಣು ತುಂಬಿತು. ಈ ಸಂಬಂಧಕ್ಕೆ ತನ್ನಿಂದ ಕೂದಲೆಳೆಯಷ್ಟೂ ಕೊರತೆ ಆಗಬಾರದೆಂದು ಮನದಲ್ಲೇ ಮನೆದೇವರಿಗೆ ಮಾತು ಕೊಟ್ಟರು.

“ಪಡಸಾಲ್ಯಾಗಿನ ಕೊಡ ತಗಸ್ರಿ ಅಂತ ವಾರಾತು ಹೇಳಾಕತ್ತು” ಎಂದು ಸರೋಜವ್ವ ಒಳಗಿನಿಂದ ಕೂಗಿದಳು. ಮದುವೆಯ ಹಂಗಾಮಿಗೆಂದು ತರಿಸಿದ ಸ್ಟೀಲಿನ ಕೊಡಗಳು ಬಾಗಿಲ ಪಕ್ಕ ಒಂದರ ಮೇಲೊಂದು ಗೋಪುರವಾಗಿ ನಿಂತಿದ್ದವು.

“ಇವತ್ತ ತಗಸ್ತೇನಿ” ಎಂದರು ಫಕ್ಕೀರಪ್ಪನವರು, ವಾರದಿಂದ ಹೇಳುತ್ತಿದ್ದಂತೆ. ಅಷ್ಟರಲ್ಲಿ ಕಾರು ಬಂದು ನಿಂತಿತು.

ಮೊದಲು ಇಳಿದವಳು ಗಂಡಿನ ತಾಯಿ ನೀಲವ್ವ, ಹಿಂದೆ ಪ್ರಭು. ಕೊನೆಗೆ ಬಿಳಿ ಅಂಗಿಯ, ಹುರಿಮೀಸೆಯ, ನೋಡಿದರೆ ಕೈ ಮುಗಿಯಬೇಕೆನಿಸುವಂಥ ಹಿರಿಯರೊಬ್ಬರು, ಗಂಡಿನ ತಂದೆ ಕೊಟ್ರೇಶಪ್ಪನವರು. ಹೊಸ್ತಿಲು ದಾಟಿ, ಕತ್ತೆತ್ತಿ ಮೇಲೆ ನೋಡಿ, ಬಾಯಿ ಬಿಟ್ಟರು.

“ಏನ ಅನ್ರಿ, ಹಳೇ ಕಾಲದ ಫ್ಯಾನ್. ಇದರ ಖದರ ಬ್ಯಾರೆ.”

ಫಕ್ಕೀರಪ್ಪನವರು ಫ್ಯಾನ್ ನೋಡಲಿಲ್ಲ, ಬೀಗರ ಬಾಯಿ ನೋಡಿದರು. ಆ ದನಿ ದಿನಾ ಮಧ್ಯಾಹ್ನ ಅವರ ಎರಡೂ ಕಿವಿಯಲ್ಲಿ ಬಂದು ಸಾಯುತ್ತಿದ್ದ ದನಿ. ನಿನ್ನೆ ಹೆಣ್ಣು ನೋಡಲಿಕ್ಕೆ ಹೊರಟೇವಿ ಎಂದದ್ದು ಇದೇ ದನಿ, ಅದಕ್ಕೆ ತಾವು ಕೊಟ್ಟ ಆಶೀರ್ವಾದವೂ ಅಕ್ಷರ ಬಿಡದಂತೆ ನೆನಪಾಯಿತು. ಬಾಯಿಗೆ ಬಂದಿದ್ದ “ಬರ್ರಿ ಬರ್ರಿ” ಹಾಗೆಯೇ ವಾಪಸು ಗಂಟಲಿಗಿಳಿಯಿತು. ತಾನು ಅವನ ದನಿ ಗುರುತಿಸಿದೆನೆಂದರೆ ಅವನೂ, ಛೆ, ಅವರೂ ತನ್ನ ದನಿ ಗುರುತಿಸಲೇಬೇಕು. ಮಾತಾಡಿದರೆ ಮಗಳ ಬಾಳು ಹೋಯಿತು.

ಅಂತೂ ಫಕ್ಕೀರಪ್ಪನವರು ಕೈ ಮುಗಿದು ಕುರ್ಚಿ ತೋರಿಸಿದರು.

“ಬೀಗರು ಮಾತಾಡವಲ್ರು” ಎಂದಳು ನೀಲವ್ವ.

ಫಕ್ಕೀರಪ್ಪನವರು ಗಂಟಲು ಮುಟ್ಟಿ ತೋರಿಸಿದರು. ಸರೋಜವ್ವ ಗಂಡನನ್ನು ಒಮ್ಮೆ ಸುಡುವಂತೆ ನೋಡಿ, “ಗಂಟಲ ಹಿಡದೈತ್ರಿ ಅವರಿಗೆ, ಈಗಿಂದೀಗ” ಎಂದು ಸಾವರಿಸಿದಳು. ನೀಲವ್ವ ಕೈಚೀಲದಿಂದ ಒಂದು ಲವಂಗ ತೆಗೆದು ಕೊಟ್ಟಳು. ಅವರು ಅದನ್ನು ಕಚ್ಚಿಕೊಂಡು, ಹಣೆಯ ಬೆವರು ಒರೆಸುತ್ತ, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಕುಳಿತರು. ಊರಲ್ಲಿ ಮಳೆ ಹೆಂಗ ಎಂದರೆ ತಲೆ ಆಡಿತು, ಅಂಗಡಿ ಹೆಂಗ ಎಂದರೆ ಅದೇ ತಲೆ ಮತ್ತೆ ಆಡಿತು.

ಅಂಕಿತಾ ಬಂದು ನಮಸ್ಕಾರ ಮಾಡಿದಳು. ಪ್ರಭು ಮೊದಲ ಬಾರಿ ನೋಡುವವನಂತೆ ಚೆನ್ನಾಗಿಯೇ ನಟಿಸಿದ. ಎಲ್ಲ ಸುಸೂತ್ರ ಎನ್ನುವಾಗ ತಿಂಡಿ ಬಂತು. ಶಿರಾ, ಒಗ್ಗರಣೆ ಅವಲಕ್ಕಿ, ಸರೋಜವ್ವನ ಕೈಯ ಮಿರ್ಚಿ ಭಜಿ.

ನಮ್ಮ ಕಡೆ ಭಜಿ ತಿನ್ನುವುದಕ್ಕೆ ಒಂದು ಕ್ರಮವಿದೆ. ಬೀಗರು ಮೊದಲು ಬ್ಯಾಡ ಎನ್ನಬೇಕು. ಮನೆಯ ಯಜಮಾನ “ಏ, ಹಂಗಂದ್ರ ಹೆಂಗ್ರಿ” ಎನ್ನಬೇಕು. ಬೀಗರು ಹೊಟ್ಟೆ ಮುಟ್ಟಿ ತೋರಿಸಬೇಕು, ಯಜಮಾನ ಆಣೆ ಹಾಕಬೇಕು. ಆಮೇಲೆ ಬೀಗರು, ನಿಮ್ಮ ಮನಸ್ಸು ನೋಯಿಸಬಾರದು ಎಂಬ ಒಂದೇ ಕಾರಣಕ್ಕೆ, ನಾಲ್ಕು ತಿನ್ನುತ್ತಾರೆ. ಇದರಲ್ಲಿ ಯಜಮಾನನ ಬಾಯಿಯೇ ಮುಖ್ಯ.

ಕೊಟ್ರೇಶಪ್ಪನವರು ಭಜಿಯ ತಟ್ಟೆಯನ್ನು ಪ್ರೀತಿಯಿಂದ ನೋಡಿ, ಪದ್ಧತಿಯಂತೆ “ಬ್ಯಾಡ್ರಿ” ಎಂದರು.

ಫಕ್ಕೀರಪ್ಪನವರು ಬಾಯಿ ತೆರೆದರು. ದನಿ ನೆನಪಾಗಿ ಮುಚ್ಚಿದರು. ಏನೂ ತೋಚದೆ ತಟ್ಟೆ ಹಿಂದಕ್ಕೆ ತೆಗೆದುಕೊಂಡು ಪ್ರಭುವಿನ ಮುಂದೆ ಹಿಡಿದರು. ಅವನೂ “ಬ್ಯಾಡ್ರಿ” ಎಂದ. ತಟ್ಟೆ ಅಲ್ಲಿಂದಲೂ ಹೋಯಿತು.

ಭಜಿಯ ಹಿಂದೆ ಹೋದ ಕೊಟ್ರೇಶಪ್ಪನವರ ಕಣ್ಣು ವಾಪಸು ಬರಲು ಬಹಳ ಹೊತ್ತು ಹಿಡಿಯಿತು. ಒಂದು ಸಲ ಬ್ಯಾಡ ಎಂದಿದ್ದನ್ನು ನಿಜವೆಂದು ತಿಳಿಯುವ ಮನೆಯನ್ನು ಅವರು ತಮ್ಮ ಆಯುಷ್ಯದಲ್ಲೇ ಕಂಡಿರಲಿಲ್ಲ. ನೀಲವ್ವ ಸೆರಗು ಸರಿಪಡಿಸಿಕೊಂಡು ಎದ್ದಳು.

“ಬರ್ತೇವ್ರಿ. ಏನಂಬೂದು ಆಮ್ಯಾಲೆ ತಿಳಸ್ತೇವಿ.”

ಆಮೇಲೆ ತಿಳಿಸುತ್ತೇವೆ ಎಂದರೆ ಏನರ್ಥ ಎಂಬುದು ಹೆಣ್ಣು ಹೆತ್ತವರೆಲ್ಲರಿಗೂ ಗೊತ್ತು. ಸರೋಜವ್ವನ ಮುಖ ಕಪ್ಪಿಟ್ಟಿತು. ಒಳಬಾಗಿಲ ಪರದೆ ಹಿಡಿದು ನಿಂತ ಅಂಕಿತಾ ಅಪ್ಪನನ್ನೇ ನೋಡುತ್ತಿದ್ದಳು, ಬೈಯುವ ನೋಟವಲ್ಲ ಅದು, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತಾಡಿದರೂ ಕೆಡುತ್ತದೆ, ಮಾತಾಡದಿದ್ದರೂ ಕೆಟ್ಟಿತಲ್ಲ ಎಂದು ಫಕ್ಕೀರಪ್ಪನವರು ಲವಂಗ ನುಂಗಿಕೊಂಡು ಬೀಗರ ಹಿಂದೆ ಓಡಿದರು.

ಬಾಗಿಲ ಬಳಿ ಕೊಟ್ರೇಶಪ್ಪನವರು ಚಪ್ಪಲಿ ಮೆಟ್ಟಲು ಬಗ್ಗಿದರು. ಬಗ್ಗಿದವರ ಬೆನ್ನಿಗೆ ಕೊಡಗಳ ಗೋಪುರ ತಾಗಿತು. ಅವರು ನೆಟ್ಟಗೆ ನಿಂತರು. ಅವರ ತಲೆಯ ಮೇಲೆ, ಎಲ್ಲಕ್ಕಿಂತ ಮೇಲಿನ ದೊಡ್ಡ ಕೊಡ ಆ ಕಡೆ ವಾಲಿತು, ಈ ಕಡೆ ವಾಲಿತು. ಫಕ್ಕೀರಪ್ಪನವರಿಗೆ ಮಗಳು ಮರೆತುಹೋದಳು, ಮದುವೆ ಮರೆತುಹೋಯಿತು, ಗಂಟಲಬೇನೆಯೂ ಮರೆತುಹೋಯಿತು.

“ಏ ಹಾನಗಲ್, ಬೋರಲ ಬೀಳೋ!”

ಆಟದಲ್ಲಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬೋರಲು ಬೀಳದ ಹಾನಗಲ್ ಈ ಸಲ ಪ್ರಶ್ನೆ ಕೇಳಲಿಲ್ಲ. ಬಿಳಿ ಅಂಗಿ, ಹುರಿಮೀಸೆ ಸಮೇತ ದಬಕ್ಕನೆ ನೆಲಕ್ಕೆ ಬಿದ್ದು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮಲಗಿದರು. ಕೊಡಗಳ ಗೋಪುರ ಅವರನ್ನು ದಾಟಿ, ಮೆಟ್ಟಿಲಿಳಿದು, ಢಣಢಣ ಎನ್ನುತ್ತ ಓಣಿಯ ತುಂಬ ಹರಡಿತು. ಒಂದು ಕೊಡ ಕಾರಿನ ತನಕ ಹೋಗಿ ನಿಂತಿತು.

ನೆಲದಿಂದ ಒಂದು ದನಿ ಎದ್ದಿತು. “ಕಮಾಂಡರ್? ನೀವ ಏನ್ರಿ?”

ಫಕ್ಕೀರಪ್ಪನವರು ತಲೆ ತಗ್ಗಿಸಿದರು. ಇನ್ನು ಲವಂಗದಿಂದ ಪ್ರಯೋಜನವಿರಲಿಲ್ಲ.

“ಯಾವ ಕಮಾಂಡರ್?” ಎಂದಳು ಸರೋಜವ್ವ.

“ಅಂದ್ರ ನಿನ್ನೆ ಫೋನಿನ್ಯಾಗ ಅಷ್ಟು ಮಂದಿ ಮುಂದ ಬೈದಾವ್ರು ಇವರ?” ಎಂದಳು ನೀಲವ್ವ. “ನಮ್ಮ ಮನಿಗೆ ಹೆಣ್ಣು ಕೊಡಾವನ ತಲ್ಯಾಗ ಮೆದುಳ ಇರಾಂಗಿಲ್ಲ ಅಂದಿದ್ದು? ನಾ ಬಾಜೂಕ ಕುಂತು ಕೇಳೇನಿ.”

“ನಾನ ಅಂದಿದ್ದು, ಅಕ್ಕಾರ” ಎಂದರು ಫಕ್ಕೀರಪ್ಪನವರು ಅಳುವ ದನಿಯಲ್ಲಿ. “ಆದ್ರ ನಿಮಗೇನು ಅಂದಿಲ್ರಿ. ಹೆಣ್ಣು ಕೊಡಾವಗ ಅಂದೇನಿ. ಹೆಣ್ಣು ಕೊಡಾಂವ ನಾನ ಅದೇನಿ.”

ಸರೋಜವ್ವ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಅದೊಂದು ಮಾತು ಖರೇ ಐತಿ ನೋಡ್ರಿ ಅಕ್ಕಾರ. ಇಪ್ಪತ್ತೇಳು ವರ್ಷದಿಂದ ನಾ ನೋಡಾಕತ್ತೇನಿ.”

ಮೊದಲು ನಕ್ಕವಳು ನೀಲವ್ವ. ಅವಳು ನಕ್ಕಿದ್ದು ನೋಡಿ ಪ್ರಭು ನಕ್ಕ, ಪರದೆಯ ಹಿಂದಿನಿಂದಲೂ ಒಂದು ನಗು ಕೇಳಿಸಿತು. ಕೊಟ್ರೇಶಪ್ಪನವರು ಅಂಗಿಯ ಧೂಳು ಕೊಡವಿಕೊಂಡು ಎದ್ದು, “ತಲಿ ಉಳಿಸಿದ್ರಿ ಬೀಗರ” ಎಂದು ತಬ್ಬಿಕೊಂಡರು. ಎಲ್ಲರೂ ಮತ್ತೆ ಒಳಗೆ ಬಂದರು. ಮಾತು ಪಕ್ಕಾ ಆಯಿತು, ಬಾಯಿಗೆ ಸಕ್ಕರೆ ಬಿತ್ತು. ಭಜಿ ಮಾತ್ರ ಇರಲಿಲ್ಲ. ಆ ಗದ್ದಲದಲ್ಲಿ ಓಣಿಯ ಹುಡುಗರು ಕೊಡ ಆರಿಸಿ ಕೊಟ್ಟಿದ್ದರು, ಸರೋಜವ್ವ ತಟ್ಟೆ ಸಮೇತ ಅವರಿಗೆ ಹಂಚಿಬಿಟ್ಟಿದ್ದಳು.

ಪ್ರವಚನದ ಹೆಡ್‌ಸೆಟ್ಟಿನ ವಿಚಾರಣೆ ಬೀಗರು ಹೋದ ಮೇಲೆ ನಡೆಯಿತು. ಅದರ ವಿವರ ಬೇಡ. ತೀರ್ಪು ಮಾತ್ರ ಹೀಗಿತ್ತು.

“ಆಟ ಬಿಡ್ರಿ ಅಂತ ನಾ ಅನ್ನಾಂಗಿಲ್ಲ” ಎಂದಳು ಸರೋಜವ್ವ. “ಆದ್ರ ಇನ್ನ ಅವರು ಗಂಡಿನ ಕಡೆ ಬೀಗರು. ಮನ್ಯಾಗ ಕೊಡೋ ಮರ್ಯಾದಿ ಆಟದಾಗೂ ಕೊಡಬೇಕು. ಲೇ, ಗೀ ಅಂದ್ರ ನಡ್ಯಾಂಗಿಲ್ಲ. ನಾ ಬಾಜೂಕ ಕುಂಡ್ರತೇನಿ.”

ಮರುದಿನದಿಂದ ಬುತ್ತಿ ತರುವ ನೆಪದಲ್ಲಿ ಆಕೆ ಅಂಗಡಿಗೇ ಬಂದು ಕೂರತೊಡಗಿದಳು. ಆಟದ ಶಬ್ದ ಆಕೆಗೂ ಕೇಳಬೇಕೆಂದು ಹೆಡ್‌ಸೆಟ್ ಕಿತ್ತಿಡಬೇಕಾಯಿತು. ಕಮಾಂಡರರ ರಾಜ್ಯ ಅಲ್ಲಿಗೆ ಮುಗಿಯಿತು. ಗುಂಡು ಸುರಿಯುತ್ತಿರುವಾಗ “ಬೀಗರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂಚೂರು ಬೋರಲ ಬೀಳೂದು ಆಗ್ತೈತೇನು ನೋಡ್ರಿ” ಎಂದು ಹೇಳಿ ಮುಗಿಸುವಷ್ಟರಲ್ಲಿ ಬೀಗರು ಸತ್ತು, ಸವಣೂರು ಸತ್ತು, ಹಿರೇಕೆರೂರಿನ ಮಶೀನೂ ನಿಂತಿರುತ್ತಿತ್ತು. ಗಂಡಿನ ಕಡೆಯವರು ಹಿಂದೆ ನಡೆಯಬಾರದೆಂದು ಪಡೆಯ ಮುಂದಾಳುತನವನ್ನೂ ಬೀಗರಿಗೇ ಬಿಟ್ಟುಕೊಡಬೇಕಾಯಿತು.

ಒಂದು ಮಧ್ಯಾಹ್ನ ಪರಿಸ್ಥಿತಿ ತಿರುಗುಮುರುಗಾಯಿತು. ಫಕ್ಕೀರಪ್ಪನವರೇ ಗುಂಡು ತಗುಲಿ ಬಯಲಿನಲ್ಲಿ ಒದ್ದಾಡುತ್ತ ಬಿದ್ದಿದ್ದರು. ಔಷಧದ ಪೆಟ್ಟಿಗೆ ಇದ್ದದ್ದು ಕೊಟ್ರೇಶಪ್ಪನವರ ಹತ್ತಿರ ಮಾತ್ರ. ಅವರು ಗುಂಡಿನ ಮಳೆಯಲ್ಲೇ ಓಡಿ ಬಂದು ಎದುರು ನಿಂತರು.

“ಬೀಗರ, ಔಷಧ ಕೊಡ್ಲೇನ್ರಿ?”

ಸರೋಜವ್ವ ಪಕ್ಕದಲ್ಲೇ ಕುಳಿತಿದ್ದಳು. ಬೀಗರು ಏನಾದರೂ ಕೊಡಲು ಬಂದರೆ ಸಭ್ಯಸ್ಥನಾದವನು ಮೊದಲು ಏನೆನ್ನಬೇಕೋ ಅದನ್ನು ಫಕ್ಕೀರಪ್ಪನವರ ನಾಲಗೆ ತಾನಾಗಿಯೇ ಅಂದುಬಿಟ್ಟಿತು.

“ಬ್ಯಾಡ್ರಿ, ನಿಮಗ ಇರ್ಲಿ.”

ಇನ್ನೊಂದು ಸಲ ಒತ್ತಾಯಿಸುತ್ತಾರೆಂದು ಕಾಯ್ದರು.

“ಆತು ಬಿಡ್ರಿ” ಎಂದು ಕೊಟ್ರೇಶಪ್ಪನವರು ಪೆಟ್ಟಿಗೆ ಎತ್ತಿಕೊಂಡು ಹೊರಟೇಹೋದರು.

ಕಮಾಂಡರ್ ತೀರಿಕೊಂಡರು. ಮೊಬೈಲಿನ ಪರದೆ ಕಪ್ಪಾಗಿ, ಗ್ರೂಪಿನಲ್ಲಿ ಹಾನಗಲ್ಲಿನಿಂದ ಒಂದು ಸಂದೇಶ ಬಂತು.

“ಆವತ್ತಿನ ಭಜಿ ಭಾಳ ಚಲೋ ಆಗಿದ್ವಂತ, ಓಣಿ ಹುಡುಗರು ಹೇಳಿದ್ರು. ಅವುಗಳ ಖದರ ಬ್ಯಾರೆ ಇತ್ತಂತ.”