ಭಾವಮೈದುನನ ಬೋರು

ಹಡಗಲಿಯಿಂದ ಕೂಡ್ಲಿಗಿಯವರೆಗೆ ಹುಡುಕಿದರೂ, ಚೆನ್ನಾಗಿ ಓಡುತ್ತಿರುವ ಬೈಕನ್ನು ಕಂಡು ಮರುಗುವ ಮನುಷ್ಯ ನಿಮಗೆ ಇನ್ನೊಬ್ಬ ಸಿಗಲಾರ! ಅವನು ನನ್ನ ಹೆಂಡತಿಯ ತಮ್ಮ. ಕೂಡ್ಲಿಗಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಜೀವವೆಲ್ಲ ಬೈಕಿನ ಎಂಜಿನ್ನಿನಲ್ಲಿ. ಇತ್ತು ಎನ್ನಬೇಕು. ಆರು ವರ್ಷದಿಂದ ಅವನು ಸ್ಪ್ಯಾನರ್ ಮುಟ್ಟಿರಲಿಲ್ಲ. ಅದಕ್ಕೆ ಕಾರಣ ನಾನು. ಅದನ್ನು ಒಪ್ಪಿಕೊಳ್ಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ಅವನ ಕತೆಯನ್ನು ನಗದೆ ಹೇಳುವುದು ಹೇಗೆ?

ಕಂಪನಿ ಕೊಟ್ಟ ನೂರು ಸೀಸಿ ಅವನಿಗೆ ಯಾವತ್ತೂ ಸಾಲಲಿಲ್ಲ. ಎಂಜಿನ್ನೊಳಗೆ ಪಿಸ್ಟನ್ ಆಡುವ ಕೊಳವೆ ಇರುತ್ತದಲ್ಲ, ಅದನ್ನು ಲೇತ್ ಅಂಗಡಿಯಲ್ಲಿ ಕೊರೆಸಿ, ಅಂದರೆ 'ಬೋರ್' ಮಾಡಿಸಿ, ಅಗಲ ಮಾಡಿ, ದೊಡ್ಡ ಪಿಸ್ಟನ್ ಕೂಡಿಸಿದರೆ ನೂರು ಹೋಗಿ ನೂರಿಪ್ಪತ್ತಾಗುತ್ತದಂತೆ! ಕೊಳವೆಯ ಗೋಡೆ ತೆಳುವಾಗುತ್ತದೆ, ಕಾವು ಏರುತ್ತದೆ, ಎಂಜಿನ್ನಿನ ಆಯಸ್ಸು ಇಳಿಯುತ್ತದೆ. ಇದನ್ನು ಮಾತ್ರ ಮೆಲ್ಲಗೆ ಹೇಳುತ್ತಿದ್ದ.

"ಕಂಪನಿಯವ್ರು ದಡ್ಡರೇನಲೇ?" ಎಂದಳು ನನ್ನ ಹೆಂಡತಿ.

"ದಡ್ಡರಲ್ಲಕ್ಕ, ಅಂಜುಬುರುಕರು!"

ಅವನು ಹೀಗೆ ಮಾಡಿದ ಮೊದಲ ಗಾಡಿ ಗುಡೇಕೋಟೆಗೆ ಹೋಗಿಬರುವಷ್ಟರಲ್ಲಿ ನಡುಗಿ ನಡುಗಿ ಹಾರ್ನು, ಕನ್ನಡಿ, ನಂಬರ್ ಪ್ಲೇಟು ಮೂರನ್ನೂ ದಾರಿಯಲ್ಲೇ ಬಿಟ್ಟು ಬಂತು. "ತೂಕ ಕಡಿಮಿ ಆತು, ಇನ್ನೂ ಜೋರು ಓಡ್ತೈತಿ" ಎಂದ!

ಎರಡನೆಯದಕ್ಕೆ ತಿಂಗಳುಗಟ್ಟಲೆ ಅಳತೆ ಮಾಡಿದ. ಕೊಟ್ಟೂರಿನಲ್ಲಿ ಕೊರೆಸಿ, ಅಲ್ಲಿಂದಲೇ ತನ್ನ ಹೆಂಡತಿಗೆ ಫೋನ್ ಹಚ್ಚಿ, "ಬೋರ್ ಆತು! ಎಣಿಸಿದ್ದಕ್ಕಿಂತ ಚಲೋ ಆತು!" ಎಂದು ಕೂಗಿದ. ನಮ್ಮ ಕಡೆ ಬೋರ್ ಎಂದರೆ ಹೊಲದ ಕೊಳವೆಬಾವಿ ತಾನೆ? ಮಗಳಿಂದ ಸುದ್ದಿ ತಿಳಿದು ಉಜ್ಜಿನಿಯಿಂದ ಅವನ ಮಾವ ಕಾಯಿ, ಕುಂಕುಮ ಹಿಡಿದು ಬಂದೇಬಿಟ್ಟರು.

"ಎಷ್ಟು ಇಂಚು ಬಂತಪ್ಪ?"

"ನಾಲ್ಕು ಮಿಲಿ ಜಾಸ್ತಿ ಆತ್ರಿ ಮಾವಾರ!"

"ಮಿಲಿ? ನೀರೋ, ಕೆಮ್ಮಿನ ಔಷಧಾನೋ?"

ತಂದ ಕಾಯಿ ವಾಪಸು ಒಯ್ಯಬಾರದೆಂದು ಬೈಕಿನ ಮುಂದೆಯೇ ಒಡೆದರು.

"ಹೊಸಾ ಪಿಸ್ಟನ್, ಮಾಮ. ಸಾವಿರ ಕಿಲೋಮೀಟರ್ ತನಕ ನಲವತ್ತು ದಾಟಂಗಿಲ್ಲ. ಎಳಿಗೂಸಿದ್ದಂಗ" ಎಂದು ನನಗೆ ತಿಳಿಸಿ ಹೇಳಿದ. ನಾನೂ ತಲೆ ಆಡಿಸಿದೆ. ಮರುದಿನ ಮಧ್ಯಾಹ್ನ ಅವನು ಗಿರಣಿಯ ಸದ್ದಿನಲ್ಲಿದ್ದಾಗ ಮೊಳೆಯಿಂದ ಕೀಲಿ ತೆಗೆದುಕೊಂಡೆ.

ಕೊಟ್ಟೂರು ರಸ್ತೆ ಖಾಲಿ. ನಲವತ್ತು, ಅರವತ್ತು, ಎಂಬತ್ತೈದು! ಮೊಮ್ಮಕ್ಕಳಿರುವ ನಾನು ಕೇಕೆ ಹಾಕಿದೆ! ಕೇಕೆ ಮುಗಿಯುವ ಮೊದಲೇ ಎಂಜಿನ್ ಗಕ್ಕನೆ ಹಿಡಿದುಕೊಂಡಿತು. ಕಾವಿಗೆ ಪಿಸ್ಟನ್ ಉಬ್ಬಿ ಗೋಡೆಗೆ ಕಚ್ಚಿತ್ತು. ಬೇವಿನ ನೆರಳಲ್ಲಿ ಆರಲು ಬಿಟ್ಟೆ, ಕಿಕ್ ಇಳಿದು ಎಂಜಿನ್ ಮತ್ತೆ ಶುರುವಾಯಿತು. ಕುಂಟಿಸಿಕೊಂಡು ತಂದು, ಇದ್ದಲ್ಲೇ ನಿಲ್ಲಿಸಿ, ಕೀಲಿಯನ್ನು ಮೊಳೆಗೆ ಹಾಕಿದೆ. ನಡೆದದ್ದನ್ನು ಅವನಿಗೆ ಹೇಳಲಿಲ್ಲ.

ಅದರ ಮರುದಿನ ಅವನು ಹೆಂಡತಿಯನ್ನು ಕೂಡಿಸಿಕೊಂಡು ಹೊರಟ. ಅರ್ಧ ದಾರಿಯಲ್ಲಿ ಎಂಜಿನ್ ಕಾಯಂ ಜಾಮ್! ಬೈಕನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬಂದ.

"ನಿಮ್ಮನ್ನ ಹೊತ್ತು ತರೋ ಗಾಡಿನ ನೀವ ಹೊತ್ತು ತಂದ್ರಲ್ರೀ!" ಎಂದು ಗಿರಣಿಯ ಮುಂದಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಅವನು ತನ್ನ ಕೈಗಳನ್ನೇ ನೋಡುತ್ತ, "ನನ್ನ ಅಳತಿನ ತಪ್ಪೈತಿ" ಎಂದ. ಸ್ಪ್ಯಾನರುಗಳನ್ನೆಲ್ಲ ಸೈಕಲ್ ಅಂಗಡಿಗೆ ಕೊಟ್ಟುಬಿಟ್ಟ.

ಹೋದ ವಾರ ಗಿರಣಿಯ ಬೆಲ್ಟು ಸಡಿಲವಾಗಿತ್ತು. ಬಿಗಿ ಮಾಡಲು ಅವನು ಬೇರೆ ಯಾರನ್ನೋ ಕರೆಸಿ, ದೂರ ನಿಂತು ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿ, ಬೈಗಳಿಗೆ ತಲೆ ಬಗ್ಗಿಸಿ ನಿಂತೆ.

ಅವನು ಬೆಲ್ಟಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದ. ಆಮೇಲೆ ಕೇಳಿದ: "ಎಷ್ಟಕ್ಕ ಹೋಗಿತ್ತು ಮಾಮ?"

"ಎಂಬತ್ತೈದು."

"ನಡುಗ್ತೇನು?"

"ಇಲ್ಲಪ್ಪ. ಬೆಣ್ಣಿ ಇದ್ದಂಗಿತ್ತು."

"ಅಂದ್ರ... ನನ್ನ ಅಳತಿ ಸರಿ ಇತ್ತು!" ಹಿಟ್ಟು ಮೆತ್ತಿದ ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. "ಇನ್ನೊಂದ್ ಸಲ ಹೇಳ್ರಿ ಮಾಮ."

ಹೇಳಿದೆ. ಈ ಸಲ ಗಿರಣಿಯ ಮುಂದಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ.