ಮೂವತ್ತೊಂದು ಸಲ ಕೇಳಿದ ಪ್ರಶ್ನೆ

ಗಾಳಿಯ ತಿಂಗಳು. ಬೆಳಗಾಗುತ್ತಲೇ ಬಡಗಿಗೆ ಒಂದು ಕೆಲಸ ಕಾದಿರುತ್ತಿತ್ತು: ಹೆಂಡತಿಯ ಸ್ನಾನ ಮುಗಿಯುವ ತನಕ ಬಚ್ಚಲಮನೆಗೆ ಕಟ್ಟಿದ ಗೋಣಿಪರದೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ನಿಲ್ಲುವುದು. ಪರದೆಯೋ ಹಗ್ಗ ಕಿತ್ತ ಕರುವಿನಂತೆ ಎಗರಾಡುತ್ತಿತ್ತು.

"ಬಾಗಿಲು ಕೇಳಿ ಮೂರು ವರ್ಷ ಆಯ್ತು ರೀ," ಒಳಗಿನಿಂದ ದನಿ.

"ನಾಳೆ ಮಾಡ್ತೀನಿ ಕಣೇ. ಇವತ್ತು ವ್ಯಾಪಾರದ ವಿಚಾರ ಇದೆ."

ಇದ್ದದ್ದು ನಿಜ. ಅವನ ಸ್ಟೂಲುಗಳನ್ನು ಕೇಳುವವರೇ ಇರಲಿಲ್ಲ. ಉಳಿದದ್ದು ಏಳೆಂಟು ಒಳ್ಳೆಯ ಹಲಗೆ ಮಾತ್ರ. ಅದನ್ನು ಏನು ಮಾಡಿದರೆ ಅಂಗಡಿ ಉಳಿದೀತು? ಊರಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಜನ ಕೇಳಿದ ಪ್ರಶ್ನೆಗಳು, ಅಲ್ಲಿನ ಮೇಡಂ ಹುಡುಕಿಕೊಟ್ಟ ಉತ್ತರಗಳು, ಯಾವುದನ್ನು ಎಷ್ಟು ಸಲ ಕೇಳಿದರೆಂಬ ಲೆಕ್ಕ ಎಲ್ಲವೂ ಇದ್ದವು. ಹೊಸ ವ್ಯಾಪಾರಕ್ಕೆ ಇಳಿಯುವವರು ಮೊದಲು ಅದನ್ನು ನೋಡುತ್ತಿದ್ದರು.

ಬಡಗಿಯೂ ನೋಡಿದ. 'ಬಚ್ಚಲಮನೆಗೆ ಬಾಗಿಲು ಮಾಡಿಕೊಡುವವರು ಈ ಊರಿನಲ್ಲಿದ್ದಾರೆಯೇ?' ಉತ್ತರ: 'ಒಬ್ಬರಿದ್ದಾರೆ. ಮಾಡಿಕೊಡುವುದಿಲ್ಲ.' ಕೇಳಿದ್ದು ಮೂವತ್ತೊಂದು ಸಲ!

ಆ ಒಬ್ಬ ಯಾವನೋ ಶುದ್ಧ ಸೋಮಾರಿ ಇರಬೇಕು, ಗಿರಾಕಿಗಳೆಲ್ಲ ತನಗೇ ಎಂದು ಬಡಗಿಗೆ ಖುಷಿಯಾಯಿತು. ಕೆಳಗೆ ಇನ್ನೆರಡು ಸಾಲಿದ್ದವು; ಓದುವ ವ್ಯವಧಾನ ಯಾರಿಗಿತ್ತು?

ಸುದ್ದಿ ಕೇಳಿ ಪಕ್ಕದಂಗಡಿಯ ಕ್ಷೌರಿಕ ಗ್ರಂಥಾಲಯಕ್ಕೆ ಓಡಿದ. ಅವನ ಮಾತು ನಂಬದೆ ಟೈಲರ್ ಓಡಿದ. ಟೈಲರನ ಹಿಂದೆ ಅರ್ಧ ಬೀದಿಯೇ ಓಡಿತು.

"ಅಣ್ಣಾ, ಮೂವತ್ತೆಂಟಾಯ್ತು! ಮಧ್ಯಾಹ್ನದೊಳಗೆ ಏಳು ಏರಿದೆ!" ಕ್ಷೌರಿಕ ಏದುಸಿರು ಬಿಟ್ಟ.

"ಮತ್ತೆ ನೋಡ್ತಾ ನಿಂತಿದ್ದೀಯಲ್ಲ, ಹಲಗೆ ಹಿಡಿ!"

ಹಲಗೆಯ ಒಂದು ತುದಿ ಕ್ಷೌರಿಕ ಹಿಡಿದ, ಇನ್ನೊಂದು ತುದಿ ಅರ್ಧ ಗಡ್ಡ ಹೆರೆಸಿಕೊಂಡ ಅವನ ಗಿರಾಕಿ ಹಿಡಿದ. ಗರಗಸದ ಹೊಟ್ಟು ಹಾರಿ, ಸೋಪಿನ ನೊರೆಗೆ ಅಂಟಿ, ಗಿರಾಕಿಯ ಉಳಿದರ್ಧ ಗಡ್ಡ ಕಂದು ಬಣ್ಣಕ್ಕೆ ತಿರುಗಿತು. ಸಂಜೆಗೆ ಮೂರಡಿ ಅಗಲದ ಬಾಗಿಲು ಮದುವಣಗಿತ್ತಿಯಂತೆ ಬೀದಿಯಲ್ಲಿ ನಿಂತಿತು. ಬಂದದ್ದು ಒಂದು ನಾಯಿ. ಮೂಸಿ ನೋಡಿ ಹೋಯಿತು.

ಆಮೇಲೆ ಮನೆಗೆ ಹೊರಟಿದ್ದ ಗ್ರಂಥಾಲಯದ ಮೇಡಂ ಬಂದರು. "ಅಂತೂ ಮಾಡಿದ್ರಲ್ಲ! ನಿಮ್ಮ ಮನೆಯವರು ಗೆದ್ರು ಬಿಡಿ."

"ಇನ್ನೂ ಮೂವತ್ತೇಳು ಮಾಡ್ಬೇಕು ಮೇಡಂ."

"ಅಯ್ಯೋ, ಏಳು ಸಲ ಕೇಳಿದ್ದು ಈ ನಿಮ್ಮ ಬೀದಿಯವರು. ಪರೀಕ್ಷೆಗೆ ಅಂತ ಕೇಳಿದ್ರೂ ಲೆಕ್ಕ ಏರುತ್ತೆ. ಮಿಕ್ಕ ಮೂವತ್ತೊಂದೂ ನಿಮ್ಮ ಮನೆಯವರದ್ದೇ. ತಿಂಗಳಿಗೊಂದು ಸಲ ತಪ್ಪದೆ ಬರ್ತಾರೆ."

ಬೀದಿ ಮೆಲ್ಲಗೆ ಖಾಲಿಯಾಯಿತು. ಬಡಗಿ ಬಾಗಿಲನ್ನು ಬೆನ್ನಿಗೇರಿಸಿ ಮನೆಗೆ ಹೊತ್ತೊಯ್ದು, ಬಚ್ಚಲಿಗೆ ಹಿಡಿದು ನೋಡಿದ. ಅರ್ಧ ಅಡಿ ಹೆಚ್ಚು.

"ಪ್ರಶ್ನೆ ಕೆಳಗೇ ಅಳತೆ ಬರೆಸಿದ್ದೆನಲ್ರೀ, ಎರಡೂವರೆ ಅಡಿ ಅಂತ. ಓದ್ಲಿಲ್ವಾ?"

"ಅರ್ಧ ಅಡಿ ತಾನೇ? ನಾಳೆ ಕೊಯ್ದು ಕೂರಿಸ್ತೀನಿ," ಎಂದು ಬಡಗಿ ಬಾಗಿಲನ್ನು ಗೋಡೆಗೆ ಒರಗಿಸಿದ.

ಮರುದಿನವೂ ಗಾಳಿ. ಬಡಗಿ ಪರದೆ ಹಿಡಿದು ನಿಂತ. ಸ್ನಾನ ಮುಗಿಸಿದ ಹೆಂಡತಿ ತಲೆ ಕೂಡ ಒಣಗಿಸಿಕೊಳ್ಳದೆ ಗ್ರಂಥಾಲಯಕ್ಕೆ ಹೋಗಿ ಹೊಸ ಪ್ರಶ್ನೆ ಬರೆಸಿದಳು: 'ಬಾಗಿಲನ್ನು ಅರ್ಧ ಅಡಿ ಕೊಯ್ದು ಕೊಡುವವರು ಈ ಊರಿನಲ್ಲಿದ್ದಾರೆಯೇ?'

ಮೇಡಂ ಹುಡುಕುವ ಗೋಜಿಗೇ ಹೋಗಲಿಲ್ಲ. ಹಳೆಯ ಉತ್ತರವನ್ನೇ ಅದರ ಕೆಳಗೆ ಅಂಟಿಸಿದರು.